ಅರ್ಧ ಗಂಟೆಯ ಪಾಳಿ

ಜಿನೀವಾದಲ್ಲಿ ಟ್ರಾಮು ಇಳಿದೊಡನೆ ಕಣ್ಣಿಗೆ ಬೀಳುವುದು ಒಂದು ದೈತ್ಯ ಮರದ ಕುರ್ಚಿ. ಅದರ ಒಂದು ಕಾಲು ನಡುವಿಗೇ ಸಿಡಿದು ಸಿಬಿರೆದ್ದು ಗಾಳಿಯಲ್ಲಿ ನಿಂತಿದೆ. ನೆಲಬಾಂಬಿಗೆ ಕಾಲು ಕಳೆದುಕೊಂಡವರ ನೆನಪಿಗೆ ನಿಲ್ಲಿಸಿದ್ದು. ಅದರಾಚೆ ಬಾವುಟಗಳ ಉದ್ದ ಸಾಲು, ಸಾಲಿನ ಕೊನೆಗೆ ವಿಶ್ವಸಂಸ್ಥೆಯ ಬೆಳ್ಳನೆಯ ಕಟ್ಟಡ, ಹಿಂದೆ ಸರೋವರ, ಮೋಡವಿಲ್ಲದ ದಿನ ಅದರ ಮೇಲೆ ಹಿಮದ ಶಿಖರ. ಹುಲ್ಲುಹಾಸಿನಲ್ಲಿ ನವಿಲುಗಳು ಯಾರ ಹಂಗೂ ಇಲ್ಲದೆ ಓಡಾಡುತ್ತವೆ. ಆ ಚಳಿಯೂರಿನಲ್ಲಿ ನವಿಲು ಕೂಗಿದರೆ ನಮ್ಮ ಕಡೆಯವರು ಒಂದು ಗಳಿಗೆ ತಬ್ಬಿಬ್ಬಾಗದಿರುವುದಿಲ್ಲ. ಬೆಳಗಿನ ಹೊತ್ತು ಕಾಫಿಯ ಕಟು ವಾಸನೆ ಹೊತ್ತ ಉದ್ದದ ಮೊಗಸಾಲೆಯಲ್ಲಿ ಕೋಟು ತೊಟ್ಟ ರಾಯಭಾರಿಗಳು, ಕೈತುಂಬ ಕಾಗದ ಹಿಡಿದ ಹೋರಾಟಗಾರರು, ರಾತ್ರಿಯ ವಿಮಾನದಲ್ಲಿ ಬಂದಿಳಿದು ಕಣ್ಣು ಕೆಂಪಾದವರು ಸಭಾಂಗಣದ ದೊಡ್ಡ ಬಾಗಿಲಿನತ್ತ ಹರಿಯುತ್ತಾರೆ. ಆ ಗುಂಪಿನಿಂದ ತುಸು ಸರಿದು, ಗೋಡೆಯ ಬದಿಯ ಸಣ್ಣ ಬಾಗಿಲೊಂದನ್ನು ತಳ್ಳಿಕೊಂಡು ಹೋಗುವ ಕೆಲವರಿದ್ದಾರೆ. ನಾವು ಅವರ ಹಿಂದೆ ಹೋಗೋಣ. ಒಳಗೆ ಹೋದ ಮೇಲೆ ಮಾತಿಲ್ಲ, ಕೆಮ್ಮಿಲ್ಲ, ಕುರ್ಚಿ ಎಳೆಯುವಂತಿಲ್ಲ, ಮೈಕು ತೆರೆದಿರುತ್ತದೆ.

ಮಾನವ ಹಕ್ಕುಗಳ ಮಂಡಳಿ ಕೂರುವ ಆ ಸಭಾಂಗಣದ ಚಾವಣಿ ನೋಡಲು ಎರಡು ಕಣ್ಣು ಸಾಲವು. ಸ್ಪೇನಿನ ಕಲಾವಿದ ಮಿಕೆಲ್ ಬಾರ್ಸೆಲೊ ಮೇಲಿನಿಂದ ಬಣ್ಣದ ಗಡ್ಡೆಗಳನ್ನು ಇಳಿಬಿಟ್ಟಿದ್ದಾರೆ. ತಲೆ ಎತ್ತಿದರೆ ಸಮುದ್ರದೊಳಗಿನ ಗವಿಯೊಂದಕ್ಕೆ ಬಂದ ಹಾಗಿರುತ್ತದೆ. ಕೆಳಗೆ ವರ್ತುಲ ವರ್ತುಲವಾಗಿ ದೇಶಗಳ ಹೆಸರಿನ ಫಲಕಗಳು. ಇವಕ್ಕೆಲ್ಲ ಮೇಲೆ, ಗೋಡೆಯಲ್ಲೇ ಕೂರಿಸಿದ ಗಾಜಿನ ಕಿಟಕಿಗಳ ಸಾಲು. ಕಿಟಕಿಯ ಹಿಂದಿನ ಆ ಸಣ್ಣ ಕೋಣೆಗೆ ದುಭಾಷಿಗಳು ಬೂತ್ ಎನ್ನುತ್ತಾರೆ. ಇಬ್ಬರು ಕೂರುವ ಬೂತು ಎರಡೂವರೆ ಮೀಟರು ಅಗಲ ಇರಬೇಕು, ಆಳ ಇದಕ್ಕಿಂತ ತುಸು ಕಡಿಮೆಯಾದರೂ ಸರಿ ಎಂದು ಅಂತರರಾಷ್ಟ್ರೀಯ ಮಾನಕವೇ ಇದೆ. ನಮ್ಮ ಹಳ್ಳಿಮನೆಯ ದೇವರಕೋಣೆ ಇದಕ್ಕಿಂತ ದೊಡ್ಡದಿರಬಹುದು. ಗೋಡೆಗೆಲ್ಲ ಸದ್ದು ಹೀರುವ ಬಟ್ಟೆ. ಆ ಬಟ್ಟೆಗೆ ವರ್ಷಗಳ ಧೂಳು, ಬಿಸಿಯಾದ ತಂತಿ, ಕೆಮ್ಮಿನ ಮಿಠಾಯಿ ಸೇರಿದ ಒಂದು ಮುಚ್ಚಿದ ವಾಸನೆ ಅಂಟಿಕೊಂಡಿರುತ್ತದೆ.

ಇಂಗ್ಲಿಷ್ ಬೂತಿನಲ್ಲಿ ಒಬ್ಬಾಕೆ ಆಗಲೇ ಬಂದು ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಇಂಥವರು ಈ ಊರಲ್ಲಿ ನೂರಾರು ಜನ. ಮೊದಲು ಮುಂಗೈಯ ಬಳೆ ತೆಗೆದು ಚೀಲಕ್ಕೆ ಹಾಕುತ್ತಾಳೆ, ಮೈಕು ಬಳೆಯ ಸದ್ದನ್ನೂ ಬಿಡುವುದಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ಈಗಲೇ ತಿರುಗಿಸಿ ಸಡಿಲಮಾಡಿ ಇಡುತ್ತಾಳೆ. ಇವತ್ತಿನ ಕಾಗದಗಳನ್ನು ಒಂದರ ಮೇಲೊಂದು ಪೇರಿಸದೆ ಮೇಜಿನುದ್ದಕ್ಕೂ ಹರವುತ್ತಾಳೆ, ಆಮೇಲೆ ಹುಡುಕುವಾಗ ಸರಸರ ಸದ್ದಾಗಬಾರದು. ಹೆಡ್‌ಫೋನಿನ ಒಂದು ಬಟ್ಟಲು ಕಿವಿಯ ಮೇಲೆ ಪೂರ್ತಿ, ಇನ್ನೊಂದು ಅರ್ಧ ಜಾರಿಸಿ. ಒಂದು ಕಿವಿ ಅವರ ಮಾತಿಗೆ, ಅರ್ಧ ಕಿವಿ ತನ್ನ ಮಾತಿಗೆ. ಪಕ್ಕದ ಕುರ್ಚಿಗೆ ಜೊತೆಗಾರ ಬರುತ್ತಾನೆ, ಪೆನ್ಸಿಲು ಚೂಪು ಮಾಡಿಕೊಳ್ಳುತ್ತಾನೆ. ಇಬ್ಬರೂ ಒಂದೆರಡು ಪಿಸುಮಾತಾಡಿಕೊಳ್ಳುತ್ತಾರೆ: ಮೊದಲು ಯಾರು? ಕೆಳಗೆ ಅಧ್ಯಕ್ಷರ ಸುತ್ತಿಗೆ ಬೀಳುತ್ತದೆ. ಕೆಂಪು ದೀಪ ಹತ್ತುತ್ತದೆ.

ಈಗ ನೋಡಿ ಆಕೆಯ ಮುಖ. ಕೆಳಗೆ ಒಬ್ಬರು ಸ್ಪ್ಯಾನಿಷಿನಲ್ಲಿ ಶುರುಮಾಡಿದ್ದಾರೆ, ಎರಡು ಮೂರು ಸೆಕೆಂಡು ಬಿಟ್ಟು ಆಕೆಯ ಇಂಗ್ಲಿಷು ಹೊರಟಿದೆ, ಆ ಇಂಗ್ಲಿಷು ಹೊರಬರುತ್ತಿರುವಾಗಲೇ ಮುಂದಿನ ಸ್ಪ್ಯಾನಿಷು ಕಿವಿಗೆ ಬೀಳುತ್ತಿದೆ. ಬೀಸುಕಲ್ಲಿನ ಬಾಯಿಗೆ ಕಾಳು ಸುರಿಯುತ್ತಿರುವಾಗಲೇ ಅಂಚಿನಿಂದ ಹಿಟ್ಟು ಉದುರುವ ಹಾಗೆ, ಎರಡರಲ್ಲಿ ಯಾವುದೂ ನಿಲ್ಲುವುದಿಲ್ಲ. ಕೈ ತಾನಾಗಿ ಎದ್ದು ಗಾಳಿಯಲ್ಲಿ ಏನನ್ನೋ ಸರಿಸುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಯಾರಿಗೂ ಕಾಣದ ಕಡೆ ಆಕೆ ತಲೆ ಆಡಿಸುತ್ತಾಳೆ. ಕೆಳಗಿನವರು ಸತ್ತವರ ಸಂಖ್ಯೆ ಹೇಳಿದರು; ಜೊತೆಗಾರ ಆ ಅಂಕಿಯನ್ನು ದಪ್ಪಗೆ ಬರೆದು ಆಕೆಯ ಕಣ್ಣ ಮುಂದೆ ಹಿಡಿದ. ಸಂಖ್ಯೆಗೆ ಹಿಂದೆ ಮುಂದೆ ಇರುವುದಿಲ್ಲ, ಅರ್ಥದಿಂದ ಊಹಿಸಲು ಬರುವುದಿಲ್ಲ, ಹಾಗಾಗಿ ದುಭಾಷಿಗಳು ಹೆದರುವುದು ದೊಡ್ಡ ಮಾತಿಗಲ್ಲ, ಸಂಖ್ಯೆಗೆ. ಗಂಟಲು ಕೆರೆಯಿತು, ಬೆರಳು ಕೆಮ್ಮಿನ ಗುಂಡಿಯ ಮೇಲೆ ಬಿತ್ತು, ಅರೆ ಸೆಕೆಂಡು ಮೈಕು ಸತ್ತಿತು, ಮತ್ತೆ ಬದುಕಿತು. ಸಭಾಂಗಣದಲ್ಲಿ ಯಾರಿಗೂ ಇದು ಗೊತ್ತಾಗಲಿಲ್ಲ. ಗೊತ್ತಾಗದಿದ್ದರೇ ಕೆಲಸ ಚೆನ್ನಾಗಿ ಆಗಿದೆ ಎಂದು.

ರಾಯಭಾರಿಗಳ ಸರದಿ ಮುಗಿದು ಸಂಘಸಂಸ್ಥೆಗಳವರ ಸರದಿ ಬಂದಾಗ ಬೂತಿನ ಗಾಳಿಯೇ ಬದಲಾಗುತ್ತದೆ. ಅವರಿಗೆ ಸಿಗುವುದು ಒಂದೂವರೆ, ಎರಡು ನಿಮಿಷ. ಊರಿನಲ್ಲಿ ಕಾಣೆಯಾದ ಮಗ, ಜೈಲಿನಲ್ಲಿ ಸತ್ತ ತಮ್ಮ, ಸುಟ್ಟ ಕೇರಿ, ಎಲ್ಲವನ್ನೂ ಆ ಎರಡು ನಿಮಿಷಕ್ಕೆ ತುಂಬಿ ಬರೆದುಕೊಂಡು ಬಂದಿರುತ್ತಾರೆ. ಉಸಿರು ಬಿಡದೆ ಓದುತ್ತಾರೆ. ದುಭಾಷಿಯ ನಾಲಗೆಗೆ ನಿಮಿಷಕ್ಕೆ 100ರಿಂದ 120 ಪದ ಹಿತ. ಓದುವ ಕಾಗದ ಅದನ್ನು ಸಲೀಸಾಗಿ ಮೀರುತ್ತದೆ. ಓದುವವರನ್ನು ಬೈಯಲು ಬಾಯಿ ಬರುವುದಿಲ್ಲ, ಆ ಎರಡು ನಿಮಿಷಕ್ಕೆಂದೇ ಅವರು ಭೂಮಿಯ ಇನ್ನೊಂದು ಮೂಲೆಯಿಂದ ಬಂದಿದ್ದಾರೆ. ಆದರೆ ಅವರು ಹೇಳಿದ್ದೆಲ್ಲ ಈಕೆಯ ಬಾಯಿಂದ ಮತ್ತೆ ಬರಬೇಕು, ಅದೂ ಅವರ ಮಾತಿನಲ್ಲೇ: ನನ್ನ ಮಗನನ್ನು ಎಳೆದೊಯ್ದರು. ನನ್ನನ್ನು ಕಟ್ಟಿಹಾಕಿದರು. ‘ಅವರು ಹೀಗೆ ಹೇಳುತ್ತಿದ್ದಾರೆ’ ಎಂದು ಬೇಲಿಯಾಚೆ ನಿಂತು ಹೇಳುವ ಅವಕಾಶ ಈ ಕಸುಬಿನಲ್ಲಿ ಇಲ್ಲ.

ಅರ್ಧ ಗಂಟೆಗೆ ಗಡಿಯಾರದತ್ತ ಒಂದು ನೋಟ, ಜೊತೆಗಾರನ ಮೈಕಿನ ಗುಂಡಿಯತ್ತ ಒಂದು ಸನ್ನೆ, ದನಿ ಬದಲಾಗುತ್ತದೆ. ಆಕೆ ಕುರ್ಚಿಗೆ ಒರಗುತ್ತಾಳೆ. ಮಾತು ನಿಂತರೂ ಕೆಲಸ ನಿಂತಿಲ್ಲ, ಈಗ ಪೆನ್ಸಿಲು ಹಿಡಿಯುವ ಸರದಿ ಅವಳದು. ಈ ಅರ್ಧ ಗಂಟೆಯ ಲೆಕ್ಕ ಸೋಮಾರಿತನದ್ದು ಎಂದು ಹಣ ಕೊಡುವವರಿಗೆ ಆಗಾಗ ಅನ್ನಿಸುತ್ತದೆ. ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಮೋಸರ್-ಮರ್ಸರ್ ಮತ್ತು ಸಂಗಡಿಗರು ಒಂದು ಸಣ್ಣ ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದರು. ಪಳಗಿದ ದುಭಾಷಿಗಳನ್ನೇ ಕೂರಿಸಿ, ಸಾಕೆನ್ನಿಸುವವರೆಗೆ ಮಾತಾಡಿ ಎಂದರು. ಅರ್ಧ ಗಂಟೆ ದಾಟಿದ ಮೇಲೆ ಅರ್ಥವೇ ಕೆಡುವಂಥ ತಪ್ಪುಗಳು ಏರತೊಡಗಿದವು. ನನ್ನನ್ನು ನಿಜವಾಗಿ ಹೆದರಿಸುವುದು ಅದಲ್ಲ. ಏರುತ್ತಿದ್ದ ತಪ್ಪು ಮಾತಾಡುತ್ತಿದ್ದವರಿಗೇ ತಿಳಿಯುತ್ತಿರಲಿಲ್ಲ. ತಾವು ಚೆನ್ನಾಗಿಯೇ ಮಾಡುತ್ತಿದ್ದೇವೆ ಎಂದುಕೊಂಡಿದ್ದರು. ದಣಿದವರಿಗೆ ತಮ್ಮ ದಣಿವು ಕಾಣದ ಕಸುಬಿದು. ಅದಕ್ಕೇ ಅದನ್ನು ಗಡಿಯಾರಕ್ಕೆ ಒಪ್ಪಿಸಿದ್ದಾರೆ. ವಿಶ್ವಸಂಸ್ಥೆಯಲ್ಲಿ ಮೂರು ಗಂಟೆಯ ಸಭೆಗಳು ವಾರಕ್ಕೆ ಏಳಕ್ಕಿಂತ ಹೆಚ್ಚು ಒಬ್ಬರ ಪಾಲಿಗೆ ಬರಬಾರದು ಎಂಬ ಲೆಕ್ಕ ಬೆಳೆದು ಬಂದಿರುವುದೂ ಹೀಗೆಯೇ.

ಗಡಿಯಾರವನ್ನು ಧಿಕ್ಕರಿಸಿದರೆ ಏನಾಗುತ್ತದೆ ಎಂಬುದನ್ನು ಲೋಕವೇ ಒಮ್ಮೆ ಕೇಳಿದೆ. 2009ರ ಸೆಪ್ಟೆಂಬರ್ 23, ನ್ಯೂಯಾರ್ಕಿನ ಮಹಾಸಭೆ. ಲಿಬಿಯಾದ ಮುಅಮ್ಮರ್ ಗಡಾಫಿ ಕಂದು ಬಣ್ಣದ ನಿಲುವಂಗಿಯಲ್ಲಿ ವೇದಿಕೆ ಹತ್ತಿದರು. ಅವರ ಪಾಲಿಗಿದ್ದದ್ದು 15 ನಿಮಿಷ. ಮಾತಾಡಿದ್ದು ಒಂದೂವರೆ ಗಂಟೆಗೂ ಹೆಚ್ಚು. ಕೈಬರಹದ ಚೀಟಿಗಳನ್ನು ತಿರುವಿಹಾಕುತ್ತಾ ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುತ್ತಿದ್ದರು. ಅವರ ಅರಬ್ಬಿಯನ್ನು ಇಂಗ್ಲಿಷಿಗೆ ತರಲು ವಿಶ್ವಸಂಸ್ಥೆಯವರು ಬೇಡವೆಂದು ತಮ್ಮದೇ ದುಭಾಷಿಯನ್ನು ಕರೆತಂದಿದ್ದರು. ಆತ ಒಬ್ಬನೇ. ಗಂಟೆ ದಾಟಿತು, ಇನ್ನೂ ಕಾಲು ಗಂಟೆ ಕಳೆಯಿತು. ಆಮೇಲೆ ಇನ್ನು ಆಗುವುದಿಲ್ಲ ಎಂದು ಆತ ಕೈಚೆಲ್ಲಿಬಿಟ್ಟ. ವಿಶ್ವಸಂಸ್ಥೆಯ ಅರಬ್ಬಿ ವಿಭಾಗದ ಮುಖ್ಯಸ್ಥೆ ಥಟ್ಟನೆ ಬಂದು ಉಳಿದ ಭಾಷಣವನ್ನು ದಡ ಮುಟ್ಟಿಸಿದರು. ಮರುದಿನದ ಪತ್ರಿಕೆಗಳಿಗೆ ಅದೊಂದು ನಗೆಯ ಸುದ್ದಿ. ಬೂತುಗಳಲ್ಲಿ ಕೂರುವ ಯಾರೂ ನಕ್ಕಿರಲಾರರು. ಆತ ಅಷ್ಟು ಹೊತ್ತು ತಡೆದದ್ದೇ ದೊಡ್ಡದು.

ದಣಿವು ಬರೀ ಮೆದುಳಿನದಲ್ಲ. ಸಮ್ಮೇಳನ ದುಭಾಷಿಗಳ ಅಂತರರಾಷ್ಟ್ರೀಯ ಸಂಘ ಎಐಐಸಿ ಈ ಶತಮಾನದ ಆರಂಭದಲ್ಲಿ ತನ್ನ ಸದಸ್ಯರ ರಕ್ತದೊತ್ತಡ, ಜೊಲ್ಲಿನಲ್ಲಿನ ಒತ್ತಡದ ಹಾರ್ಮೋನು ಅಳೆಸಿದಾಗ ಬೂತಿನೊಳಗಿನ ಸೆಖೆಯನ್ನೂ ಕೆಟ್ಟ ಗಾಳಿಯನ್ನೂ ಜೊತೆಗೇ ಅಳೆಸಿತು; ಎರಡೂ ಚೆನ್ನಾಗಿರಲಿಲ್ಲ. ಕೋವಿಡ್ ಬಂದ ಮೇಲೆ ಕಿವಿಯ ಪಾಡು ಇನ್ನೂ ಕೆಟ್ಟಿತು. ಮಾತಾಡುವವರು ತಮ್ಮ ಅಡುಗೆಮನೆಯಿಂದ, ಕಾರಿನೊಳಗಿಂದ, ಅಗ್ಗದ ಮೈಕಿನಿಂದ ಮಾತಾಡತೊಡಗಿದರು. ಕತ್ತರಿಸಿ ಹಿಂಡಿ ಕಳಿಸಿದ ಆ ದನಿಯನ್ನು ದಿನವಿಡೀ ಕಿವಿಗೊಟ್ಟು ಕೇಳಿದವರಿಗೆ ತಲೆನೋವು, ಕಿವಿಯೊಳಗೆ ನಿಲ್ಲದ ಗುಂಯ್‌ಗುಡುವಿಕೆ. 2022ರ ಅಕ್ಟೋಬರಿನಲ್ಲಿ ಕೆನಡಾದ ಸೆನೆಟ್ ಸಮಿತಿಯೊಂದರ ಸಭೆಯ ನಡುವೆ, ಮೈಕಿನ ಕರ್ಕಶ ಸದ್ದು ಬಡಿದು, ಒಬ್ಬ ದುಭಾಷಿಯನ್ನು ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಯುರೋಪಿನ ಸಂಸತ್ತಿನ ದುಭಾಷಿಗಳು, ದೂರದಿಂದ ಪರದೆಯ ಮೇಲೆ ಮಾತಾಡುವವರನ್ನು ಭಾಷಾಂತರಿಸುವುದಿಲ್ಲ ಎಂದು ಮುಷ್ಕರ ಹೂಡಿದರು. ಜಗತ್ತಿನಲ್ಲಿ ಮಾತಾಡದೆ ಮುಷ್ಕರ ಹೂಡಿ ಇಡೀ ಸಂಸತ್ತನ್ನು ಇಕ್ಕಟ್ಟಿಗೆ ಸಿಲುಕಿಸಬಲ್ಲವರು ಇವರೇ ಇರಬೇಕು.

ಈ ಕಸುಬು ಇಂದಿನ ರೂಪಕ್ಕೆ ಬಂದದ್ದೇ ಭಯಂಕರ ಮಾತುಗಳ ನಡುವೆ. ನ್ಯೂರೆಂಬರ್ಗ್, 1945ರ ನವೆಂಬರ್, ನಾಜಿ ನಾಯಕರ ವಿಚಾರಣೆ. ಬಾಂಬಿಗೆ ಕುಸಿದ ಊರಿನ ನಡುವೆ ಉಳಿದ ನ್ಯಾಯಾಲಯ. ಅದರೊಳಗೆ ಆರೋಪಿಗಳ ಕಟಕಟೆಯ ಪಕ್ಕದಲ್ಲೇ, ಗಿಡ್ಡ ಗಾಜಿನ ತಡೆಗಳ ಹಿಂದೆ ದುಭಾಷಿಗಳ ಸಾಲು. ಐಬಿಎಂ ಕೊಟ್ಟ ತಂತಿಗಳು ನೆಲದುದ್ದಕ್ಕೂ ಹಾವಿನಂತೆ ಹರಿದಾಡಿವೆ. ಮಾತು ಓಡಿದರೆ ಹಳದಿ ದೀಪ, ನಿಲ್ಲಿಸಬೇಕೆಂದರೆ ಕೆಂಪು ದೀಪ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕು ಭಾಷೆಗೆ ಹನ್ನೆರಡು ಜನರ ತಂಡ, ಅಂಥ ಮೂರು ತಂಡ. ಒಂದು ಪಾಳಿ 85 ನಿಮಿಷ. ಎರಡು ತಂಡ ದುಡಿಯುವ ದಿನ ಮೂರನೆಯದಕ್ಕೆ ಬಿಡುವು. ಆ ಕಾಲಕ್ಕೇ ಅವರಿಗೆ ಇಷ್ಟು ಹೊಳೆದಿತ್ತು. ಆ ಸಾಲಿನಲ್ಲಿ ಪೀಟರ್ ಲೆಸ್ ಎಂಬ ಯಹೂದಿ ತರುಣನಿದ್ದ, ಜಿನೀವಾದಲ್ಲೇ ಈ ವಿದ್ಯೆ ಕಲಿತವನು. ಅವನ ಮನೆಮಂದಿಯನ್ನು ಕೊಂದ ಆಡಳಿತದ ದೊಡ್ಡವರು ಕೆಲವೇ ಮೊಳ ದೂರದಲ್ಲಿ ಕೂತಿದ್ದರು. ಅವರ ಸಮರ್ಥನೆಯನ್ನು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಲೋಕಕ್ಕೆ ಮುಟ್ಟಿಸುವುದು ಅವನ ಕೆಲಸ. ಮುಟ್ಟಿಸಿದ. ಸಂಜೆ ಅವನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸುವ ವ್ಯವಸ್ಥೆ ಆಗ ಯಾರ ಕಲ್ಪನೆಯಲ್ಲೂ ಇರಲಿಲ್ಲ.

ಅಲ್ಲಿಂದ ಐವತ್ತು ವರ್ಷ ಮುಂದೆ, ಭೂಮಿಯ ಕೆಳತುದಿಗೆ ಬನ್ನಿ. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಹಿಂದೂ ಮಹಾಸಾಗರದ ದಂಡೆಯ ಒಂದು ಬಂದರು ಪಟ್ಟಣ. ಏಪ್ರಿಲ್ ಅಲ್ಲಿ ಶರತ್ಕಾಲ. ಗಡಿಯಾರದ ಗೋಪುರ ಹೊತ್ತ ಹಳೆಯ ಪುರಭವನದೊಳಗೆ ಜನ ಕಿಕ್ಕಿರಿದಿದ್ದಾರೆ. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದ ಅಜ್ಜಿಯಂದಿರು, ತಲೆಗೆ ಬಟ್ಟೆ ಸುತ್ತಿದ ಹೆಂಗಸರು, ಭಾನುವಾರದ ಚರ್ಚಿಗೆಂದು ಇಟ್ಟ ಕೋಟನ್ನೇ ಹಾಕಿಕೊಂಡು ಬಂದ ಮುದುಕರು. ವೇದಿಕೆಯಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದದ ಮೇಜು, ಉರಿಯುವ ಮೇಣದಬತ್ತಿ, ನಡುವೆ ನೇರಳೆ ನಿಲುವಂಗಿಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ವರ್ಣಭೇದದ ಆಡಳಿತದಲ್ಲಿ ಏನೇನು ನಡೆಯಿತೆಂದು ನೊಂದವರ ಬಾಯಿಂದಲೇ ಕೇಳಲು ಕೂತ ಸತ್ಯ ಮತ್ತು ಸಾಮರಸ್ಯ ಆಯೋಗದ ಮೊದಲ ವಿಚಾರಣೆ ಅದು, 1996ರ ಏಪ್ರಿಲ್ 15ರಂದು ಶುರುವಾದದ್ದು. ಬಂದವರ ಕೈಗೆಲ್ಲ ಹೆಡ್‌ಫೋನು. ಹಲವರು ಜೀವಮಾನದಲ್ಲಿ ಮೊದಲ ಸಲ ಅದನ್ನು ತಲೆಗೇರಿಸಿ, ತಿರುಗುಮುರುಗಾಗಿ ಹಾಕಿಕೊಂಡು, ಪಕ್ಕದವರಿಂದ ಸರಿಪಡಿಸಿಕೊಳ್ಳುತ್ತಿದ್ದಾರೆ. ಸಭಾಂಗಣದ ಬದಿಗೆ ಗಾಜಿನ ಬೂತುಗಳು.

ಆ ಬೂತಿನೊಳಗಿದ್ದವರು ಜಿನೀವಾದವರಂತೆ ಪಳಗಿದವರಲ್ಲ. ದೇಶ ಅದೇ ತಾನೇ 11 ಭಾಷೆಗಳನ್ನು ಅಧಿಕೃತವೆಂದು ಒಪ್ಪಿತ್ತು. ಅದರಲ್ಲಿ ಒಂಬತ್ತು ಆಫ್ರಿಕನ್ ನೆಲದ ಭಾಷೆಗಳಲ್ಲಿ ಹೀಗೆ ಜೊತೆಜೊತೆಗೇ ಭಾಷಾಂತರಿಸಿದ ಅನುಭವ ಯಾರಿಗೂ ಹೆಚ್ಚು ಇರಲಿಲ್ಲ. ಬ್ಲೂಮ್‌ಫಾಂಟೇನಿನ ವಿಶ್ವವಿದ್ಯಾಲಯದ ಭಾಷಾ ಘಟಕವೊಂದು ತರಾತುರಿಯಲ್ಲಿ ತರಬೇತಿ ಕೊಟ್ಟು ಕಳಿಸಿತ್ತು. ಬಹುಪಾಲು ಎಳೆಯರು. ಸಾಕ್ಷಿಗಳು ಹೇಳುತ್ತಿದ್ದ ಊರುಗಳಲ್ಲೇ, ಅದೇ ಪೊಲೀಸರ ಭಯದಲ್ಲೇ ಬೆಳೆದವರು. ಹೊರಗಿನವರ ದುಃಖವನ್ನು ಹೊರಗಿನಿಂದ ಕೇಳುವ ಸೌಕರ್ಯ ಅವರಿಗಿರಲಿಲ್ಲ.

ಎರಡನೆಯ ದಿನ ನೊಮೊಂಡೆ ಕಲಾಟಾ ಬಂದು ಕೂತರು. ಕ್ರ್ಯಾಡಕ್ ಎಂಬ ಊರಿನ ನಾಲ್ವರು ಹೋರಾಟಗಾರರು 1985ರ ಜೂನ್‌ನಲ್ಲಿ ಕಾರಿನಲ್ಲಿ ಒಂದು ಸಭೆಗೆ ಹೋದವರು ಮನೆಗೆ ಮರಳಲಿಲ್ಲ. ಅವರಲ್ಲಿ ಒಬ್ಬ, ಫೋರ್ಟ್ ಕಲಾಟಾ, ಈಕೆಯ ಗಂಡ. ಆಕೆ ಮೆಲ್ಲಗೆ, ಅಡುಗೆಮನೆಯಲ್ಲಿ ಕೂತು ಹೇಳುವ ಹಾಗೆ ಹೇಳುತ್ತಾ ಹೋದರು: ಗಂಡ ಎಷ್ಟು ಹೊತ್ತಿಗೆ ಬರಬೇಕಿತ್ತು, ಎಷ್ಟು ಹೊತ್ತು ಕಾದೆ. ನಡುವೆ ಒಂದು ಕಡೆ ಮಾತು ತುಂಡಾಯಿತು, ಆಕೆ ಹಿಂದಕ್ಕೆ ಬಿದ್ದು ಚೀರಿದರು. ಆ ಚೀರು ಇಡೀ ಆಯೋಗದ ಗುರುತಾಗಿ ಆ ದೇಶದವರ ಕಿವಿಯಲ್ಲಿ ಉಳಿದಿದೆ. ವಿಚಾರಣೆ ನಿಂತಿತು, ಹೊರಗೆ ಹೋದರು, ಬಂದರು. ಮತ್ತೆ ಸೇರಿದಾಗ ಟುಟು ಶೋಕಗೀತೆಯೊಂದನ್ನು ಎತ್ತಿಕೊಂಡರು, ಜನ ಎದ್ದು ದನಿಗೂಡಿಸಿದರು. ಅದೇ ವಾರ, ಪೊಲೀಸರ ಹಿಂಸೆಯಿಂದ ಗಾಲಿಕುರ್ಚಿಗೆ ಬಿದ್ದ ಅರ್ನೆಸ್ಟ್ ಮಲ್ಗಾಸ್ ಎಂಬ ಮುದುಕ ಮಾತು ಸಿಕ್ಕಿಕೊಂಡು ಕೈಯಿಂದ ಮುಖ ಮುಚ್ಚಿಕೊಂಡಾಗ, ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಆ ಚಿತ್ರ ಲೋಕವೆಲ್ಲ ಸುತ್ತಿತು.

ನನ್ನ ಕಣ್ಣು ಹೋಗುವುದು ಆ ಚಿತ್ರದಲ್ಲಿ ಕಾಣದ ಕಡೆಗೆ. ಅಧ್ಯಕ್ಷರಾಗಿದ್ದ ಟುಟು ಅಳಬಹುದಿತ್ತು. ಸಾಕ್ಷಿಯ ಪಕ್ಕದಲ್ಲಿ ಬೆನ್ನು ಸವರಲು, ನೀರು ಕೊಡಲು, ಕಣ್ಣೊರೆಸುವ ಕಾಗದ ಚಾಚಲು ಆಯೋಗವೇ ಒಬ್ಬರನ್ನು ಕೂರಿಸಿತ್ತು. ತುಂಬ ಒಳ್ಳೆಯ ಏರ್ಪಾಡು ಅದು. ಪತ್ರಕರ್ತರು ಎದ್ದು ಹೋಗಿ ಸಿಗರೇಟು ಹಚ್ಚಬಹುದಿತ್ತು. ಗಾಜಿನ ಹಿಂದಿದ್ದವರು ಮಾತ್ರ ನಿಲ್ಲಿಸುವಂತಿರಲಿಲ್ಲ. ಸಾಕ್ಷಿ ಬಿಕ್ಕುತ್ತಾ ಹೇಳಿದ್ದನ್ನು ಅವರು ಬಿಕ್ಕದೆ ಹೇಳಬೇಕಿತ್ತು, ಅದೂ ‘ನಾನು’ ಎಂದೇ. ನನ್ನ ಗಂಡನ ಕೈಯನ್ನು ಕತ್ತರಿಸಿದ್ದರು. ನನ್ನ ಮಗನ ಶವ ನನಗೆ ಸಿಗಲಿಲ್ಲ. ದಿನಕ್ಕೆ ಹಲವು ಸಾಕ್ಷಿಗಳು. ಒಂದು ಊರು ಮುಗಿದರೆ ಗಂಟುಮೂಟೆ ಕಟ್ಟಿ ಇನ್ನೊಂದು ಊರು. ಸುಮಾರು ಎರಡು ವರ್ಷಗಳಲ್ಲಿ ಆಯೋಗದ ಮುಂದೆ 21,000ಕ್ಕೂ ಹೆಚ್ಚು ಹೇಳಿಕೆಗಳು ಬಂದವು, ಹೇಳಿಕೆ ಕೊಟ್ಟವರಲ್ಲಿ ಸುಮಾರು 2,000 ಜನ ಸಾರ್ವಜನಿಕವಾಗಿ ಕೂತು ಮಾತಾಡಿದರು.

ಅದು ಅರ್ಧ ಭಾರ. ಉಳಿದರ್ಧ ಬಂದದ್ದು ಕ್ಷಮಾದಾನ ಕೇಳಿಕೊಂಡು ಬಂದವರಿಂದ; ಅಂಥ ಅರ್ಜಿಗಳು 7,000ಕ್ಕೂ ಮೇಲೆ. ನಿನ್ನೆ ಏಟು ತಿಂದವನ ಬಾಯಾಗಿದ್ದವರು ಇವತ್ತು ಏಟು ಹೊಡೆದವನ ಬಾಯಾಗಬೇಕು. 1997ರಲ್ಲಿ ಕೇಪ್‌ಟೌನಿನಲ್ಲಿ ಜೆಫ್ರಿ ಬೆನ್ಜಿನ್ ಎಂಬ ಪೊಲೀಸ್ ಅಧಿಕಾರಿ, ಕೈದಿಯ ತಲೆಗೆ ಒದ್ದೆ ಚೀಲ ಎಳೆದು ಉಸಿರುಗಟ್ಟಿಸುತ್ತಿದ್ದ ಬಗೆಯನ್ನು, ತಾನು ಹಿಂಸಿಸಿದವರೇ ಕೇಳಿದಾಗ ನೆಲದ ಮೇಲೆ ಮಾಡಿ ತೋರಿಸಿದ. ಇಂಥ ಕಲಾಪಗಳಲ್ಲೂ ನಿಯಮ ಅದೇ: ನಾನು ಕಟ್ಟಿದೆ, ನಾನು ಹೊಡೆದೆ, ನಾನು ಸುಟ್ಟೆ. ಭಾಷಾಂತರಿಸುತ್ತಾ ತಮಗರಿವಿಲ್ಲದೆ ಮಾತಾಡುವವರ ಕೈಸನ್ನೆ, ಮುಖದ ಬಿಗಿತ ತಮ್ಮ ಮೈಗೆ ಬರುತ್ತಿತ್ತು ಎಂದು ಆ ದುಭಾಷಿಗಳು ಆಮೇಲೆ ಹೇಳಿಕೊಂಡಿದ್ದಾರೆ. ಮನೆಗೆ ಹೋದರೂ ಬಿಡದ ಮಾತು, ನಿದ್ದೆಗೆಟ್ಟ ರಾತ್ರಿ, ಎಲ್ಲಿಂದಲೋ ಏಳುವ ಸಿಟ್ಟು, ಇವೂ ಅವರ ನೆನಪಿನಲ್ಲಿವೆ. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ದೇವರು ಬಂದವರಿಗೆ ಇಳಿದ ಮೇಲೆ ಮಜ್ಜಿಗೆ ಕೊಟ್ಟು, ಗಾಳಿ ಬೀಸಿ, ಒರಗಿಸಿ ಕೂರಿಸುವವರಿರುತ್ತಾರೆ. ಇವರ ಮೈಮೇಲೆ ದಿನವೂ ಬೇರೆಯವರ ನಾನು ಬಂದು ಹೋಗುತ್ತಿತ್ತು. ಇಳಿಸಿ ಕೂರಿಸುವ ಏರ್ಪಾಡು ಸಾಲದಾಗಿತ್ತು.

1998ರ ಅಕ್ಟೋಬರ್ 29ರಂದು ಐದು ಸಂಪುಟಗಳ ವರದಿ ನೆಲ್ಸನ್ ಮಂಡೇಲಾ ಅವರ ಕೈ ಸೇರಿತು. ದುಭಾಷಿಗಳತ್ತ ರಂಗದ ಬೆಳಕು ತಿರುಗಲು ಇನ್ನೂ ಎಂಟು ವರ್ಷ ಬೇಕಾಯಿತು: ರಂಗನಿರ್ದೇಶಕ ಮೈಕಲ್ ಲೆಸಾಕ್ ಆ ದುಭಾಷಿಗಳನ್ನು ಹುಡುಕಿ ಮಾತಾಡಿಸಿ, ಹ್ಯೂ ಮಸೆಕೆಲಾ ಅವರ ಸಂಗೀತದೊಂದಿಗೆ ‘ಟ್ರೂತ್ ಇನ್ ಟ್ರಾನ್ಸ್‌ಲೇಶನ್’ ಎಂಬ ನಾಟಕ ಕಟ್ಟಿದರು. ಅದರ ಮೊದಲ ಪ್ರದರ್ಶನ ನಡೆದದ್ದು 2006ರಲ್ಲಿ, ನರಮೇಧ ಕಂಡ ರುವಾಂಡಾದಲ್ಲಿ. ಸಾವಿನ ಕಥೆ ಕೇಳಿಸಿಕೊಂಡವರ ಕಥೆ ಕೇಳಲು ಆ ದೇಶಕ್ಕಿಂತ ತಕ್ಕ ಜಾಗ ಇರಲಿಲ್ಲವೇನೋ.

ಈಸ್ಟ್ ಲಂಡನ್ನಿನ ಮಾತು ಬಹಿರಂಗದ್ದು; ಮನೆಗೆ ಹೋಗಿ ಹೆಂಡತಿಯ ಹತ್ತಿರ, ತಾಯಿಯ ಹತ್ತಿರ ಹೇಳಿಕೊಳ್ಳಲಾದರೂ ಅಡ್ಡಿಯಿರಲಿಲ್ಲ. ಆಶ್ರಯ ಕೇಳಿ ಬಂದವರ ಮುಚ್ಚಿದ ಕೋಣೆಯಲ್ಲಿ, ವೈದ್ಯರ ಕೋಣೆಯಲ್ಲಿ ಕೂರುವ ದುಭಾಷಿಗೆ ಅದೂ ಇಲ್ಲ. ಕೇಳಿದ್ದು ಕೋಣೆಯಾಚೆ ಹೋಗಬಾರದು ಎಂಬುದು ಈ ವೃತ್ತಿಯ ಮೊದಲ ಶಪಥ. ಸರಿಯಾದ ಶಪಥವೇ. ಆದರೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತವರನ್ನು ‘ಏನಾಯಿತು?’ ಎಂದು ಮನೆಯವರು ಕೇಳಿದರೆ ‘ಏನಿಲ್ಲ’ ಎನ್ನದೆ ಬೇರೆ ದಾರಿಯಿಲ್ಲ. ಇದನ್ನು ಬಲ್ಲ ಕಡೆಗಳಲ್ಲಿ ಹೆಸರು, ಊರು ಬಿಟ್ಟು, ತನಗೆ ಏನಾಯಿತು ಎಂಬುದನ್ನಷ್ಟೇ ಅನುಭವಿ ಸಹೋದ್ಯೋಗಿಯ ಹತ್ತಿರವೋ ಸಲಹೆಗಾರರ ಹತ್ತಿರವೋ ಬಿಚ್ಚಿಕೊಳ್ಳುವ ಅಭ್ಯಾಸ ಬೆಳೆಸಿದ್ದಾರೆ. ಹಾಗೆ ಮಾಡದೆ ವರ್ಷಗಟ್ಟಲೆ ನುಂಗಿದವರಲ್ಲಿ ಕಾಣುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಬರ್ನ್‌ಔಟ್ ಎಂದು ದಾಖಲಿಸಿದೆ; ಕಾಯಿಲೆಯೆಂದಲ್ಲ, ಕೆಲಸದ ಒತ್ತಡ ಹತೋಟಿ ಮೀರಿದಾಗ ಆಗುವುದೆಂದು. ತ್ರಾಣ ಬತ್ತುವುದು, ಮಾಡುವ ಕೆಲಸದ ಮೇಲೇ ಅಸಡ್ಡೆ ಹುಟ್ಟುವುದು, ಕೈ ಸಾಗದಿರುವುದು. ದುಭಾಷಿಯ ಮಟ್ಟಿಗೆ ಎರಡನೆಯದು ಅಪಾಯಕಾರಿ. ಅಳುತ್ತಿರುವ ತಾಯಿಯ ಮಾತು ಅವರ ಬಾಯಲ್ಲಿ ವರದಿಯ ಸಾಲಾಗಿ ಹೊರಡುತ್ತದೆ, ತೂಕ ಕಳೆದುಕೊಂಡು.

ಬೆಂಗಳೂರಿಗೆ ಬರೋಣ. ದೊಡ್ಡಾಸ್ಪತ್ರೆಯೊಂದರ ತುರ್ತು ಘಟಕದ ಹೊರಗೆ ಫಿನಾಯಿಲಿನ ವಾಸನೆ, ಟ್ರಾಲಿಯ ಗಾಲಿಗಳ ಕಿರ್‍ರೆನ್ನುವ ಸದ್ದು. ಕಟ್ಟಡದಿಂದ ಬಿದ್ದ ಹುಡುಗನ ಅಣ್ಣನಿಗೆ ಒಡಿಯಾ ಬಿಟ್ಟರೆ ಬೇರೆ ಬಾರದು. ಡಾಕ್ಟರಿಗೆ ಕನ್ನಡ, ಇಂಗ್ಲಿಷು. ‘ಒಡಿಯಾ ಯಾರಿಗೆ ಬರುತ್ತೆ?’ ಎಂಬ ಕೂಗಿಗೆ ವಾರ್ಡಿನ ನೆಲ ಒರೆಸುತ್ತಿದ್ದ ಹೆಣ್ಣುಮಗಳು ಕೋಲು ಗೋಡೆಗೊರಗಿಸಿ ಬರುತ್ತಾಳೆ. ತಮ್ಮ ಉಳಿಯಲಾರ ಎಂಬ ಮಾತು ಅಣ್ಣನಿಗೆ ಮುಟ್ಟುವುದು ಅವಳ ದನಿಯಲ್ಲಿ. ಆತ ಕುಸಿದು ಹಿಡಿದುಕೊಳ್ಳುವುದು ಅವಳ ಕೈಯನ್ನು. ಐದು ನಿಮಿಷ. ಆಮೇಲೆ ಅವಳು ಕೋಲು ಹಿಡಿದು ಬಿಟ್ಟಲ್ಲಿಂದ ಒರೆಸತೊಡಗುತ್ತಾಳೆ. ಅವಳನ್ನು ದುಭಾಷಿ ಎಂದು ಯಾರೂ ಕರೆಯುವುದಿಲ್ಲ, ಹಾಗಾಗಿ ಪಾಳಿಯೂ ಇಲ್ಲ, ಭತ್ಯೆಯೂ ಇಲ್ಲ, ಕೂರು ಎನ್ನುವವರೂ ಇಲ್ಲ.

ಬರೆದು ಅನುವಾದಿಸುವವರ ದಣಿವು ಇನ್ನೊಂದು ಬಗೆಯದು. ಅದು ಕಂತುಕಂತಾಗಿ ಬರುತ್ತದೆ. ಕಂಪ್ಯೂಟರು ಮಾಡಿದ ಅನುವಾದವನ್ನು ತಿದ್ದುವುದು ಈಗ ಹಲವರ ದಿನಗೂಲಿ. ಪದಕ್ಕಿಷ್ಟು ಪೈಸೆ, ನಾಳೆ ಬೆಳಿಗ್ಗೆಗೆ ಬೇಕು, ರಾತ್ರಿ ಹನ್ನೊಂದಕ್ಕೆ ಇನ್ನೊಂದು ಕಡತ. ಹೊಸದಾಗಿ ಬರೆಯುವ ಸುಖ ಹೋಗಿ ಬೇರೊಬ್ಬರ ಎಡವಟ್ಟು ಸವರುವ ಕೆಲಸ ಉಳಿದಿದೆ. ದುಡ್ಡಿದ್ದ ಕಡೆಯೂ ನೆಮ್ಮದಿಯಿಲ್ಲ: ಡ್ಯಾನ್ ಬ್ರೌನ್ ಅವರ ‘ಇನ್‌ಫರ್ನೊ’ ಕಾದಂಬರಿ 2013ರಲ್ಲಿ ಎಲ್ಲ ಕಡೆ ಒಂದೇ ದಿನ ಹೊರಬರಬೇಕೆಂದು 11 ಅನುವಾದಕರನ್ನು ಮಿಲಾನ್ ಬಳಿಯ ಪ್ರಕಾಶಕರ ನೆಲಮಾಳಿಗೆಯಲ್ಲಿ ಸುಮಾರು ಎರಡು ತಿಂಗಳು ಕೂರಿಸಿದ್ದರು; ಫೋನು ಒಳಗೆ ಬಿಡಲಿಲ್ಲ, ಬಾಗಿಲಲ್ಲಿ ಕಾವಲುಗಾರರು. ಅದನ್ನು ಪ್ರಚಾರದ ಕಥೆಯಾಗಿ ಮಾರಿದರು ಎಂಬುದು ಆ ಕಥೆಯ ಅತಿ ಕಹಿಯಾದ ಭಾಗ.

ದೆಹಲಿಯ ಸಂಸತ್ತಿನಲ್ಲಿ ಕನ್ನಡಕ್ಕೂ ದುಭಾಷಿಗಳಿದ್ದಾರೆ. ಹಿಂದಿ, ಇಂಗ್ಲಿಷುಗಳ ನಡುವೆ 1964ರಲ್ಲಿ ಲೋಕಸಭೆಯಲ್ಲಿ ಆರಂಭವಾದ ಈ ಏರ್ಪಾಡು ಮೆಲ್ಲಗೆ ಬೇರೆ ಭಾಷೆಗಳಿಗೂ ಹಬ್ಬಿತು. 2025ರ ಫೆಬ್ರವರಿಯಲ್ಲಿ ಇನ್ನೂ ಆರು ಭಾಷೆಗಳನ್ನು ಸೇರಿಸಿದ್ದನ್ನು ಸ್ಪೀಕರ್ ಪ್ರಕಟಿಸಿದರು. ಕನ್ನಡದ ಸಂಸದರು ಎದ್ದು ಉದ್ದನೆಯ ವಾಕ್ಯ ಹಿಡಿದರೆ, ಆಗಿದೆಯೋ ಆಗಿಲ್ಲವೋ ಎಂಬುದು ತಿಳಿಯುವುದು ತುದಿಗೆ ಬಂದ ಮೇಲೆ. ಇಂಗ್ಲಿಷಿಗೆ ತರುವವರು ಅಲ್ಲಿಯವರೆಗೆ ಇಡೀ ವಾಕ್ಯವನ್ನು ಉಸಿರಿನಲ್ಲೇ ಹೊತ್ತುಕೊಂಡಿರಬೇಕು. ಸದನದಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುವಾಗ ಅವರ ಕಿವಿಯ ಗತಿ ಏನೆಂದು ಟಿವಿಯಲ್ಲಿ ಕಲಾಪ ನೋಡುವಾಗ ಒಮ್ಮೆ ಯೋಚಿಸಿ.

ವಿಚಾರ ಸಂಕಿರಣ, ತರಬೇತಿ ಶಿಬಿರ, ಜನಸುನವಾಯಿ, ಆಸ್ಪತ್ರೆ, ನ್ಯಾಯಾಲಯ, ಎಲ್ಲಾದರೂ ದುಭಾಷಿಯನ್ನು ಕರೆಸುವ ಕೆಲಸ ನಿಮ್ಮ ಪಾಲಿಗೆ ಬರಬಹುದು. ಭಾಷಣದ ಪ್ರತಿ, ಹೆಸರುಗಳು, ಅಂಕಿಗಳು ಹಿಂದಿನ ದಿನವೇ ಅವರ ಕೈಯಲ್ಲಿರಲಿ. ವಿಷಯ ನೋವಿನದಾದರೆ ಅದನ್ನೂ ಮೊದಲೇ ತಿಳಿಸಿ, ಒಪ್ಪದಿರುವ ಹಕ್ಕು ಅವರಿಗಿದೆ. ಮೈಕಿನ ಮುಂದೆ ನಿಂತವರಿಗೆ ನಿಧಾನ ಎಂದು ಹೇಳಲು ಸಂಕೋಚಪಡಬೇಡಿ, ಮಂತ್ರಿಯಾದರೂ ಸರಿ. ಕಷ್ಟದ ಕಲಾಪ ಮುಗಿದ ಕೂಡಲೇ ಚೆಕ್ಕು ಕೊಟ್ಟು ಕಳಿಸದೆ ಒಂದು ಲೋಟ ಚಹಾ ಕೊಟ್ಟು ಹತ್ತು ನಿಮಿಷ ಜೊತೆಗೆ ಕೂರಿ. ಖರ್ಚಿನ ಪಟ್ಟಿ ನೋಡಿ ‘ಒಬ್ಬರೇ ಸಾಕಲ್ಲವೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲದು ಎನ್ನಿ, ಇಬ್ಬರನ್ನು ಕರೆಸಿ.